ಪಟ್ಟಿಯಿಲ್ಲದ ಎಣಿಕೆ: ಶೋಧಯಂತ್ರದ ಸಂಖ್ಯೆಗಳು ಮತ್ತು ಸಾಹಿತ್ಯ ಸಂಶೋಧನೆ

ಶ್ರವಣಬೆಳಗೊಳದ ಶಾಸನಗಳು ಎಷ್ಟು? ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಸಂಪುಟದ ಪ್ರಕಾರ 144. ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿ ಹೊರತಂದ ಆವೃತ್ತಿಯ ಪ್ರಕಾರ 500. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಪ್ರಕಟಿಸಿದ ಆವೃತ್ತಿಯ ಪ್ರಕಾರ 573. ಈ 84 ವರ್ಷಗಳಲ್ಲಿ ಚಂದ್ರಗಿರಿಯ ಬಂಡೆಗಳ ಮೇಲೆ ಏಳನೆಯ ಶತಮಾನದ ಶಾಸನಗಳು ಹೊಸದಾಗಿ ಹುಟ್ಟಿಕೊಳ್ಳಲಿಲ್ಲ. ಹೆಚ್ಚಿದ್ದು ಹುಡುಕಿದವರ ಶ್ರಮ ಮತ್ತು ಓದಿದವರ ಸಾಮರ್ಥ್ಯ. ಆದರೂ ಈ ಮೂರು ಸಂಖ್ಯೆಗಳಲ್ಲಿ ಯಾವುದೂ ಸುಳ್ಳಲ್ಲ. ಪ್ರತಿಯೊಂದು ಶಾಸನಕ್ಕೂ ಒಂದು ಕ್ರಮಸಂಖ್ಯೆಯಿದೆ, ಅದು ಇರುವ ಸ್ಥಳದ ಉಲ್ಲೇಖವಿದೆ, ಪಾಠವಿದೆ. ರೈಸ್ ಅವರ 144 ಯಾವುವು, ಅನಂತರ ಸೇರಿದವು ಯಾವುವು ಎಂಬುದನ್ನು ಇಂದಿಗೂ ಯಾರು ಬೇಕಾದರೂ ಸಂಪುಟಗಳನ್ನು ಎದುರುಬದುರಾಗಿ ಇಟ್ಟು ನೋಡಬಹುದು. ಅಲ್ಲಿ ಸಂಖ್ಯೆಯ ಹಿಂದೆ ಒಂದು ಪಟ್ಟಿಯಿದೆ.

ಈಚಿನ ವರ್ಷಗಳಲ್ಲಿ ಸಂಶೋಧನ ಪ್ರಬಂಧಗಳಲ್ಲಿ ಇನ್ನೊಂದು ಜಾತಿಯ ಸಂಖ್ಯೆ ಕಾಣಿಸಿಕೊಳ್ಳುತ್ತಿದೆ. ಒಂದು ಪದವನ್ನು ಶೋಧಯಂತ್ರಕ್ಕೆ ಕೊಟ್ಟಾಗ ಪರದೆಯ ಮೇಲ್ಭಾಗದಲ್ಲಿ ಮೂಡುವ ಫಲಿತಾಂಶಗಳ ಮೊತ್ತವೇ ಅದು. ಈ ಪದ ಇಷ್ಟು ಸಾವಿರ ಕಡೆ ದೊರೆಯುತ್ತದೆ, ಆ ಪದ ಅಷ್ಟು ನೂರು ಕಡೆ ಮಾತ್ರ ದೊರೆಯುತ್ತದೆ, ಆದುದರಿಂದ ಮೊದಲನೆಯದೇ ಹೆಚ್ಚು ಬಳಕೆಯ ರೂಪ ಎಂಬ ಬಗೆಯ ವಾಕ್ಯಗಳು ಅಡಿಟಿಪ್ಪಣಿಗಳಿಂದ ಮುಖ್ಯ ಪಠ್ಯಕ್ಕೆ ಬಡ್ತಿ ಪಡೆದಿವೆ. ಈ ಸಂಖ್ಯೆಯ ಹಿಂದೆ ಪಟ್ಟಿ ಇದೆಯೆ ಎಂಬ ಪ್ರಶ್ನೆಯನ್ನು ಬರೆದವರೂ ಕೇಳಿಕೊಂಡಂತಿಲ್ಲ, ಮೌಲ್ಯಮಾಪನ ಮಾಡಿದವರೂ ಕೇಳಿದಂತಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಅಂತಹ ಪಟ್ಟಿ ಯಂತ್ರದಲ್ಲಿಯೂ ಸಿದ್ಧವಾಗಿರುವುದಿಲ್ಲ. ಪಟ್ಟಿಯನ್ನು ಮುಂದಿಡಲಾಗದ ಸಂಖ್ಯೆ ಸಂಶೋಧನೆಯಲ್ಲಿ ಒಂದು ಸೂಚನೆಯಾಗಬಹುದೇ ಹೊರತು ಸಾಕ್ಷ್ಯವಾಗಲಾರದು. ಏಕೆ ಎಂಬುದನ್ನು ತಿಳಿಯಲು ಶೋಧಯಂತ್ರ ಎಣಿಸುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕಾಗುತ್ತದೆ.

ಶೋಧಯಂತ್ರದ ಒಳಗಿರುವ ಮೂಲಸಾಧನ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಾದುದೇನೂ ಅಲ್ಲ. ಅದು ಪದಸೂಚಿ. ಹದಿಮೂರನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಡೊಮಿನಿಕನ್ ಮಠವೊಂದರ ಸನ್ಯಾಸಿಗಳು ಹ್ಯೂ ಆಫ್ ಸೇಂಟ್ ಶೇರ್ ಎಂಬ ವಿದ್ವಾಂಸನ ನೇತೃತ್ವದಲ್ಲಿ ಲ್ಯಾಟಿನ್ ಬೈಬಲ್ಲಿಗೆ ಪದಸೂಚಿಯೊಂದನ್ನು ಸಿದ್ಧಪಡಿಸಿದರು. ರೋಬೆರ್ತೊ ಬೂಸಾ ಎಂಬ ಇಟಲಿಯ ಪಾದ್ರಿ ಐಬಿಎಂ ಸಂಸ್ಥೆಯ ನೆರವಿನಿಂದ 1949ರಲ್ಲಿ ತಾಮಸ್ ಅಕ್ವೈನಸನ ಕೃತಿಗಳ ಪದಸೂಚಿಯ ಕೆಲಸವನ್ನು ಆರಂಭಿಸಿ, 1980ರ ಹೊತ್ತಿಗೆ ಅದನ್ನು 56 ಸಂಪುಟಗಳಲ್ಲಿ ಮುದ್ರಿಸಿ ಮುಗಿಸಿದ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕೂಡ ಕೃತಿಗಳಿಂದ ಪದಗಳನ್ನು ಪ್ರಯೋಗಸಹಿತವಾಗಿ ಆಯ್ದು ಚೀಟಿಗಳಲ್ಲಿ ಬರೆದಿಟ್ಟ ಶ್ರಮದ ಮೇಲೆಯೇ ನಿಂತಿದೆ. ಶೋಧಯಂತ್ರವೂ ಪ್ರತಿಯೊಂದು ಪದದ ಎದುರು ಆ ಪದವಿರುವ ದಾಖಲೆಗಳ ಸಂಖ್ಯೆಗಳನ್ನು ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಒಂದೇ ಪದವನ್ನು ಕೇಳಿದಾಗ ಈ ಸಾಲಿನ ಉದ್ದವೇ ಉತ್ತರ. ಅದು ಮೊದಲೇ ಗೊತ್ತಿರುವುದರಿಂದ ಎಣಿಸುವ ಶ್ರಮವೂ ಇಲ್ಲ. ಆ ಸಂಖ್ಯೆ ಹೆಚ್ಚು ಕಡಿಮೆ ನಿಖರ. ಹೆಚ್ಚು ಕಡಿಮೆ ಎನ್ನಲು ಕಾರಣವಿದೆ. ಅಳಿಸಿಹಾಕಿದ ದಾಖಲೆಗಳು ಲೂಸೀನ್‌ನಂತಹ ವ್ಯವಸ್ಥೆಗಳಲ್ಲಿ ಸೂಚಿಯ ತುಣುಕುಗಳು ಮರಳಿ ಜೋಡಣೆಯಾಗುವವರೆಗೂ ಈ ಲೆಕ್ಕದಲ್ಲಿ ಉಳಿದಿರುತ್ತವೆ.

ತೊಡಕು ಆರಂಭವಾಗುವುದು ಎರಡು ಪದಗಳನ್ನು ಒಟ್ಟಿಗೆ ಕೇಳಿದಾಗ. ಸಾವಿರ ದಾಖಲೆಗಳ ಒಂದು ಸಂಗ್ರಹವನ್ನು ಕಲ್ಪಿಸಿಕೊಳ್ಳಬಹುದು. ಅದರಲ್ಲಿ ‘ಜಿನ’ ಎಂಬ ಪದ 300 ದಾಖಲೆಗಳಲ್ಲಿಯೂ ‘ಸಮವಸರಣ’ ಎಂಬ ಪದ 50 ದಾಖಲೆಗಳಲ್ಲಿಯೂ ಇದೆ ಎಂದಿಟ್ಟುಕೊಳ್ಳೋಣ. ಎರಡೂ ಪದಗಳಿರುವ ದಾಖಲೆಗಳು ಎಷ್ಟು? ಎರಡು ಸಾಲುಗಳನ್ನು ಕೊನೆಯವರೆಗೆ ತಾಳೆ ನೋಡದೆ ಖಚಿತವಾಗಿ ಹೇಳಬಹುದಾದುದು ಇಷ್ಟೆ: ಕನಿಷ್ಠ ಸೊನ್ನೆ, ಗರಿಷ್ಠ 50. ಇವುಗಳ ನಡುವೆ ಒಂದು ಅಂದಾಜನ್ನು ಕೊಡಲೇಬೇಕಾದರೆ ಯಂತ್ರಕ್ಕೆ ಸುಲಭವಾದ ದಾರಿಯೆಂದರೆ ಎರಡು ಪದಗಳಿಗೂ ಪರಸ್ಪರ ಸಂಬಂಧವಿಲ್ಲವೆಂದು ಭಾವಿಸುವುದು. ಹಾಗೆ ಭಾವಿಸಿದರೆ ಸಾವಿರದಲ್ಲಿ 300ರ ಪ್ರಮಾಣವನ್ನು 50ಕ್ಕೆ ಅನ್ವಯಿಸಿದಂತಾಗಿ 15 ಎಂಬ ಉತ್ತರ ಬರುತ್ತದೆ. ಆದರೆ ಜೈನಪುರಾಣಗಳನ್ನು ಒಂದಿಷ್ಟು ಓದಿದವರಿಗೂ ಗೊತ್ತು, ಸಮವಸರಣದ ವರ್ಣನೆ ಇರುವಲ್ಲಿ ಜಿನನ ಉಲ್ಲೇಖ ಇಲ್ಲದಿರುವುದು ಅಪರೂಪ. ನಿಜವಾದ ಸಂಖ್ಯೆ 50ರ ಹತ್ತಿರವೇ ಇರುತ್ತದೆ. ಅಂದಾಜು ನಿಜದ ಮೂರನೆಯ ಒಂದು ಭಾಗಕ್ಕೂ ಮುಟ್ಟಲಿಲ್ಲ. ಇದರಲ್ಲಿ ಗಣಿತದ ತಪ್ಪೇನೂ ಇಲ್ಲ. ಸಾಹಿತ್ಯದಲ್ಲಿ ಪದಗಳು ಒಂದನ್ನೊಂದು ಕರೆದುಕೊಂಡು ಬರುತ್ತವೆ, ಅವು ಪಗಡೆಯ ದಾಳಗಳಂತೆ ಬೀಳುವುದಿಲ್ಲ. ಸಂಶೋಧಕನಿಗೆ ಕುತೂಹಲವಿರುವುದು ಹೀಗೆ ಜೊತೆಗೂಡಿ ಬರುವ ಪದಗಳ ಬಗೆಗೇ. ಅಂದಾಜು ಎಡವುವುದೂ ಅಲ್ಲಿಯೇ.

ಯಂತ್ರವೇಕೆ ಕೊನೆಯವರೆಗೂ ಎಣಿಸುವುದಿಲ್ಲ ಎಂದು ಕೇಳಬಹುದು. ಅದನ್ನು ಕಟ್ಟಿದ ಉದ್ದೇಶ ಎಣಿಸುವುದಲ್ಲ ಎಂಬುದೇ ಉತ್ತರ. ಬಳಕೆದಾರನಿಗೆ ಅತ್ಯಂತ ಸೂಕ್ತವೆನಿಸುವ ಹತ್ತು ದಾಖಲೆಗಳನ್ನು ಕ್ಷಣಮಾತ್ರದಲ್ಲಿ ತೋರಿಸುವುದು ಅದರ ಕೆಲಸ. ಮೊದಲ ಹತ್ತರೊಳಗೆ ಬರಲು ಸಾಧ್ಯವೇ ಇಲ್ಲವೆಂದು ಗೊತ್ತಾದ ದಾಖಲೆಗಳನ್ನು ತೆರೆದೂ ನೋಡದೆ ದಾಟಿಹೋಗುವುದರಲ್ಲಿಯೇ ಅದರ ಜಾಣ್ಮೆಯಿದೆ. ಹೀಗೆ ದಾಟಿದವು ಎಣಿಕೆಗೆ ಸಿಗುವುದಿಲ್ಲ. ಲೂಸೀನ್ ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿದ ಎಲಾಸ್ಟಿಕ್‌ಸರ್ಚ್ 2019ರಲ್ಲಿ ಬಿಡುಗಡೆಯಾದ ತನ್ನ ಏಳನೆಯ ಆವೃತ್ತಿಯಿಂದ ಈಚೆಗೆ, ಬೇರೆ ಸೂಚನೆ ಕೊಡದಿದ್ದರೆ, 10,000ದವರೆಗೆ ಮಾತ್ರ ನಿಖರವಾಗಿ ಎಣಿಸುತ್ತದೆ. ಅದನ್ನು ಮೀರಿದಾಗ 10,000 ಎಂಬ ಅಂಕಿಯ ಜೊತೆಗೆ ‘ಇಷ್ಟು ಅಥವಾ ಇದಕ್ಕಿಂತ ಹೆಚ್ಚು’ ಎಂಬ ಗುರುತನ್ನೂ ಕೊಡುತ್ತದೆ. ಈ ಗುರುತನ್ನು ಪರದೆಯ ಮೇಲೆ ತೋರಿಸುವುದು ಬಿಡುವುದು ಜಾಲತಾಣವನ್ನು ರೂಪಿಸಿದವರ ಇಚ್ಛೆ. ಅವರು ತೋರಿಸದಿದ್ದರೆ 12,000 ದಾಖಲೆಗಳಲ್ಲಿರುವ ಒಂದು ಪದವೂ ಎರಡು ಲಕ್ಷ ದಾಖಲೆಗಳಲ್ಲಿರುವ ಇನ್ನೊಂದು ಪದವೂ ಸಮನಾಗಿ 10,000 ಎಂದು ಕಾಣುತ್ತವೆ. ಎರಡು ಪದಗಳ ಬಳಕೆ ಸಮಪ್ರಮಾಣದಲ್ಲಿದೆ ಎಂದು ಬರೆಯಲು ಅವಸರದ ಸಂಶೋಧಕನಿಗೆ ಇಷ್ಟು ಸಾಕು.

ಝೇಪಿಯನ್ ಎಂಬ ಇನ್ನೊಂದು ಮುಕ್ತ ಶೋಧತಂತ್ರಾಂಶದ ನಡವಳಿಕೆ ಈ ದೃಷ್ಟಿಯಿಂದ ಅನುಕರಣೀಯವಾಗಿದೆ. ಒಂದು ಪ್ರಶ್ನೆಗೆ ಎಷ್ಟು ದಾಖಲೆಗಳು ಹೊಂದುತ್ತವೆ ಎಂದು ಕೇಳಿದರೆ ಅದು ಮೂರು ಸಂಖ್ಯೆಗಳನ್ನು ಒದಗಿಸುತ್ತದೆ: ಇದಕ್ಕಿಂತ ಕಡಿಮೆಯಿರಲಾರದು ಎಂಬ ಕೆಳಮಿತಿ, ಇದಕ್ಕಿಂತ ಹೆಚ್ಚಿರಲಾರದು ಎಂಬ ಮೇಲ್ಮಿತಿ, ಇವುಗಳ ನಡುವೆ ಒಂದು ಅಂದಾಜು. ಕನಿಷ್ಠ ಇಷ್ಟು ದಾಖಲೆಗಳನ್ನಾದರೂ ಪರಿಶೀಲಿಸಲೇಬೇಕು ಎಂದು ಅದಕ್ಕೆ ಆದೇಶಿಸಬಹುದು. ಪರಿಶೀಲನೆ ಹೆಚ್ಚಿದಂತೆ ಎರಡು ಮಿತಿಗಳೂ ಹತ್ತಿರವಾಗುತ್ತವೆ, ಪೂರ್ತಿಯಾದಾಗ ಮೂರೂ ಒಂದೇ ಆಗುತ್ತವೆ. ತನಗೆ ತಿಳಿದದ್ದೆಷ್ಟು, ಊಹಿಸಿದ್ದೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಹೇಳುವ ಈ ಶಿಸ್ತು ಗ್ರಂಥಸಂಪಾದಕರಿಗೆ ಹೊಸದಲ್ಲ. ಕವಿಯ ಕಾಲವನ್ನು ನಿರ್ಣಯಿಸುವಾಗ ಹಿಂದಿನ ಎಲ್ಲೆ ಮತ್ತು ಮುಂದಿನ ಎಲ್ಲೆಗಳನ್ನು ಮೊದಲು ಗೊತ್ತುಮಾಡಿ, ಆಮೇಲೆ ಸಂಭಾವ್ಯ ಕಾಲವನ್ನು ಸೂಚಿಸುವುದು ಕನ್ನಡ ಸಾಹಿತ್ಯಚರಿತ್ರೆಯ ಹಿರಿಯರು ಹಾಕಿಕೊಟ್ಟ ಕ್ರಮ. ಕಾಲನಿರ್ಣಯದಲ್ಲಿ ಎಲ್ಲೆಗಳಿಲ್ಲದ ಒಂಟಿ ಇಸವಿಯನ್ನು ಒಪ್ಪದ ವಿದ್ವತ್ತು ಪದಸಂಖ್ಯೆಯ ವಿಷಯದಲ್ಲಿ ಒಂಟಿ ಅಂಕಿಯನ್ನು ಒಪ್ಪಿಕೊಳ್ಳುತ್ತಿರುವುದು ವಿಚಿತ್ರವಾಗಿದೆ.

ಜಾಲದ ಸಾರ್ವಜನಿಕ ಶೋಧಯಂತ್ರಗಳ ಸ್ಥಿತಿ ಇನ್ನೂ ಸಡಿಲ. ಗೂಗಲ್ ತನ್ನ ಫಲಿತಾಂಶಗಳ ಮೊತ್ತದ ಹಿಂದೆ ‘ಸುಮಾರು’ ಎಂಬ ಪದವನ್ನು ಸೇರಿಸುತ್ತಲೇ ಬಂದಿದೆ. ಲಕ್ಷಗಟ್ಟಲೆ ಫಲಿತಾಂಶಗಳಿವೆ ಎಂದು ತೋರಿಸಿದರೂ ಪುಟಗಳನ್ನು ಮಗುಚುತ್ತ ಹೋದರೆ ಕೆಲವು ನೂರರಲ್ಲಿ ಪಟ್ಟಿ ನಿಂತುಹೋಗುತ್ತದೆ. ಫ್ರಾನ್ಸಿನ ಭಾಷಾವಿಜ್ಞಾನಿ ಜಾನ್ ವೆರೋನಿಸ್ ಈ ಮೊತ್ತಗಳು ತರ್ಕದ ಸರಳ ನಿಯಮಗಳಿಗೂ ಹೊಂದುವುದಿಲ್ಲವೆಂಬುದನ್ನು 2005ರಲ್ಲಿ ತೋರಿಸಿಕೊಟ್ಟರು. ‘ಇದು ಅಥವಾ ಅದು’ ಎಂದು ಕೇಳಿದಾಗ ಬರುವ ಮೊತ್ತ ‘ಇದು’ ಎಂದಷ್ಟೇ ಕೇಳಿದಾಗ ಬರುವ ಮೊತ್ತಕ್ಕಿಂತ ಕಡಿಮೆಯಾಗುತ್ತಿತ್ತು. ನಿಘಂಟುಶಾಸ್ತ್ರಜ್ಞ ಆಡಮ್ ಕಿಲ್‌ಗಾರಿಫ್ 2007ರ ತಮ್ಮ ಲೇಖನವೊಂದರಲ್ಲಿ ಇಂತಹ ಮೊತ್ತಗಳನ್ನು ನೆಚ್ಚಿದ ಭಾಷಾಸಂಶೋಧನೆಯನ್ನು ಕೆಟ್ಟ ವಿಜ್ಞಾನವೆಂದೇ ಕರೆದರು. ಯಂತ್ರವನ್ನು ಕಟ್ಟಿದವರು ‘ಸುಮಾರು’ ಎಂದು ಬರೆದಿದ್ದಾರೆ. ಅದನ್ನು ಅಳಿಸಿ ಉಳಿದ ಅಂಕಿಯನ್ನು ಪ್ರಬಂಧಕ್ಕೆ ಇಳಿಸಿಕೊಂಡವರು ಸಂಶೋಧಕರು. ತಪ್ಪು ಯಾರದು ಎಂಬುದರಲ್ಲಿ ಹೆಚ್ಚಿನ ಸಂದೇಹಕ್ಕೆ ಆಸ್ಪದವಿಲ್ಲ.

ಯಂತ್ರ ಪೂರ್ತಿಯಾಗಿ, ನಿಖರವಾಗಿ ಎಣಿಸಿತೆಂದೇ ಭಾವಿಸೋಣ. ಆಗಲೂ ಅದು ಎಣಿಸಿದ್ದು ಏನನ್ನು ಎಂಬ ಪ್ರಶ್ನೆ ಉಳಿಯುತ್ತದೆ. ಅದು ಎಣಿಸುವುದು ದಾಖಲೆಗಳನ್ನು, ಪ್ರಯೋಗಗಳನ್ನಲ್ಲ. ಪಂಪನ ಆದಿಪುರಾಣವನ್ನು ಒಂದೇ ಕಡತವಾಗಿ ಸೇರಿಸಿದ್ದರೆ ಒಂದು ಪದ ಅದರಲ್ಲಿ ನೂರು ಸಲ ಬಂದರೂ ಎಣಿಕೆ ಒಂದು. ಆಶ್ವಾಸಗಳ ಪ್ರಕಾರ ಒಡೆದು ಸೇರಿಸಿದ್ದರೆ ಗರಿಷ್ಠ 16. ಪದ್ಯ ಮತ್ತು ವಚನಗಳನ್ನು ಬಿಡಿಬಿಡಿಯಾಗಿ ಸೇರಿಸಿದ್ದರೆ ನೂರರ ಹತ್ತಿರ. ಕವಿ ಬದಲಾಗಲಿಲ್ಲ, ಕಾವ್ಯ ಬದಲಾಗಲಿಲ್ಲ. ಗಣಕಕ್ಕೆ ಕೃತಿಯನ್ನು ಊಡಿಸಿದವರ ಅನುಕೂಲವೊಂದು ಬದಲಾಯಿತು. ವಚನಗಳಿಗೆ ಈ ತೊಂದರೆ ಅಷ್ಟಾಗಿ ಬಾಧಿಸದು, ಏಕೆಂದರೆ ಒಂದು ವಚನ ಸಹಜವಾಗಿಯೇ ಒಂದು ಘಟಕ. ಆದರೆ ಬಿಡಿ ವಚನಗಳ ಸಂಗ್ರಹದಲ್ಲಿ ಸಿಕ್ಕ ಸಂಖ್ಯೆಯನ್ನು ಇಡೀ ಚಂಪೂಕಾವ್ಯಗಳ ಸಂಗ್ರಹದಲ್ಲಿ ಸಿಕ್ಕ ಸಂಖ್ಯೆಯೊಡನೆ ಹೋಲಿಸಿ, ಒಂದು ಪದ ಹನ್ನೆರಡನೆಯ ಶತಮಾನದಲ್ಲಿ ಹೆಚ್ಚು ಪ್ರಚುರವಾಯಿತೆಂದು ತೀರ್ಮಾನಿಸಿದರೆ ಅದು ಬಿಲ್ವದ ಕಾಯಿಗಳನ್ನೂ ರಾಗಿಯ ತೆನೆಗಳನ್ನೂ ಒಂದೇ ಬುಟ್ಟಿಯಲ್ಲಿ ಎಣಿಸಿದಂತೆ.

ಇನ್ನು ಅಕ್ಷರಗಳ ಸಮಸ್ಯೆ. ಹಳಗನ್ನಡದ ೞ ಮತ್ತು ಱ ಅಕ್ಷರಗಳನ್ನು ಕೆಲವು ಸಂಪಾದಕರು ಉಳಿಸಿಕೊಳ್ಳುತ್ತಾರೆ, ಕೆಲವರು ಳ ಮತ್ತು ರ ಎಂದು ಬದಲಿಸಿ ಮುದ್ರಿಸುತ್ತಾರೆ. ‘ಬಾೞ್’ ಎಂದಿರುವ ಪಾಠ ‘ಬಾಳ್’ ಎಂದು ಹುಡುಕಿದವನಿಗೆ ಸಿಗದು. ಎರಡನ್ನೂ ಒಂದೇ ಎಂದು ಯಂತ್ರಕ್ಕೆ ಕಲಿಸಿದರೆ ಇನ್ನೊಂದು ಕಡೆ ಸೋರುತ್ತದೆ. ತಿಳಿ ಎಂಬರ್ಥದ ‘ಅಱಿ’, ಕತ್ತರಿಸು ಎಂಬರ್ಥದ ‘ಅರಿ’, ಶತ್ರುವೆಂಬರ್ಥದ ಸಂಸ್ಕೃತದ ‘ಅರಿ’ ಮೂರೂ ಒಂದಾಗಿ ಸಂಖ್ಯೆ ಉಬ್ಬುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನೇ ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಪದಗಳನ್ನು ಪ್ರತ್ಯೇಕವಾಗಿ ಪಟ್ಟಿಮಾಡಿ ತೋರಿಸಬೇಕಾಯಿತು ಎಂಬುದನ್ನು ನೆನೆದರೆ ಈ ಗೊಂದಲ ಎಷ್ಟು ಹಳೆಯದು ಎಂಬುದು ತಿಳಿಯುತ್ತದೆ. ಯೂನಿಕೋಡ್ ಮಾನಕದಲ್ಲಿ ಈ ೞ ಅಕ್ಷರಕ್ಕೆ ‘ಫ’ ಎಂಬ ಧ್ವನಿಯ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಪ್ಪು ಹಾಗೆಯೇ ಉಳಿದು, ಅದು ತಪ್ಪು ಎಂಬ ಟಿಪ್ಪಣಿ ಮಾತ್ರ ಪಕ್ಕದಲ್ಲಿ ಸೇರಿದೆ. ಹೆಸರಿನ ತಪ್ಪು ಹುಡುಕಾಟವನ್ನು ಕೆಡಿಸುವುದಿಲ್ಲ ನಿಜ. ಹಳಗನ್ನಡದ ಅಗತ್ಯಗಳು ಈ ಯಂತ್ರಲೋಕದ ಅಂಚಿನಲ್ಲಿವೆ ಎಂಬುದಕ್ಕೆ ಅದೊಂದು ಕುರುಹು.

ಕಣ್ಣಿಗೆ ಕಾಣದ ಭೇದಗಳೂ ಇವೆ. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಗಣಕದಲ್ಲಿ ಒಂದು ಸಂಕೇತವಾಗಿಯೂ ಇಡಬಹುದು, ಮೂರು ಸಂಕೇತಗಳ ಜೋಡಣೆಯಾಗಿಯೂ ಇಡಬಹುದು. ಎರಡೂ ಸಮಾನವೆಂದು ಮಾನಕ ಹೇಳುತ್ತದೆ, ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಅವನ್ನು ಮೊದಲು ಏಕರೂಪಕ್ಕೆ ತಂದುಕೊಳ್ಳದ ಶೋಧಯಂತ್ರ ಎರಡನ್ನೂ ಬೇರೆ ಪದಗಳೆಂದೇ ಎಣಿಸುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪಠ್ಯಗಳು ಆ ಶೈಲಿಯ ಮೂಲಕ ನೋಡಿದಾಗ ಮಾತ್ರ ಕನ್ನಡ, ಯಂತ್ರದ ಪಾಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸರಣಿ. ಹಳೆಯ ಪುಸ್ತಕಗಳ ಪುಟಚಿತ್ರಗಳಿಂದ ಯಂತ್ರವೇ ಓದಿ ತೆಗೆದ ಪಾಠಗಳಲ್ಲಿ ಒತ್ತಕ್ಷರಗಳು ಕಳಚಿಹೋಗುವುದು, ಸೊನ್ನೆ ಮಾಯವಾಗುವುದು ಸಾಮಾನ್ಯ. ‘ಪಂಪ’ ಎಂದು ಒಂದು ಕಡೆ, ‘ಪಮ್ಪ’ ಎಂದು ಇನ್ನೊಂದು ಕಡೆ ಬರೆದಿರುವ ಶಾಸನಪಾಠಗಳ ವಿಷಯವನ್ನಂತೂ ಹೇಳಬೇಕಾದ್ದಿಲ್ಲ.

ಕನ್ನಡದ ವಿಭಕ್ತಿ ಮತ್ತು ಸಂಧಿಗಳು ಇದರ ಮೇಲಿನ ಹೊರೆ. ‘ಮರ’ ಎಂದು ಹುಡುಕಿದರೆ ‘ಮರಮಂ’, ‘ಮರದೊಳ್’, ‘ಮರಂಗಳ್’ ಯಾವುವೂ ಸಿಗುವುದಿಲ್ಲ. ‘ಮರ’ ಎಂದು ಮೊದಲಾಗುವ ಎಲ್ಲವೂ ಬೇಕೆಂದರೆ ‘ಮರಣ’ವೂ ಬರುತ್ತದೆ, ‘ಮರಳ್’ ಕೂಡ ಬರುತ್ತದೆ. ಬೂಸಾ ತನ್ನ ಪದಸೂಚಿಗೆ ಮೂರು ದಶಕ ತೆಗೆದುಕೊಂಡದ್ದು ಯಂತ್ರ ನಿಧಾನವಾಗಿತ್ತೆಂಬ ಒಂದೇ ಕಾರಣದಿಂದಲ್ಲ. ಪ್ರತಿಯೊಂದು ರೂಪವನ್ನೂ ಅದರ ಮೂಲಪದದ ಅಡಿಯಲ್ಲಿ ತರುವ ಕೆಲಸಕ್ಕೆ ಮನುಷ್ಯರ ವಿವೇಕ ಬೇಕಾಯಿತು. ಆ ವಿವೇಕದ ಕೆಲಸವನ್ನು ಬಿಟ್ಟು ಫಲವನ್ನು ಮಾತ್ರ ಅಪೇಕ್ಷಿಸುವುದು ಇಂದಿನ ಅವಸರದ ಲಕ್ಷಣವಾಗಿದೆ.

ಇವೆಲ್ಲಕ್ಕಿಂತ ಆಳವಾದ ಸಮಸ್ಯೆ ಪರ್ಯಾಯಪದಗಳದು. ಡೇವಿಡ್ ಬ್ಲೇರ್ ಮತ್ತು ಎಂ. ಇ. ಮ್ಯಾರನ್ ಎಂಬ ಅಮೆರಿಕದ ವಿದ್ವಾಂಸರು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಬಗೆಗೆ ಇಂದಿಗೂ ಎಚ್ಚರಿಕೆಯ ಗಂಟೆಯಾಗಿದೆ. ದೊಡ್ಡ ಮೊಕದ್ದಮೆಯೊಂದಕ್ಕೆ ಸಂಬಂಧಿಸಿದ ಸುಮಾರು 40,000 ದಾಖಲೆಗಳನ್ನು, ಎಂದರೆ ಹೆಚ್ಚು ಕಡಿಮೆ 3,50,000 ಪುಟಗಳನ್ನು, ವಕೀಲರು ಶೋಧಯಂತ್ರದ ಮೂಲಕ ಹುಡುಕಿಸಿದರು. ಪ್ರಸ್ತುತವಾದ ದಾಖಲೆಗಳಲ್ಲಿ ನೂರಕ್ಕೆ 75ರಷ್ಟಾದರೂ ತಮ್ಮ ಕೈಸೇರಿವೆ ಎಂದು ಅವರು ನಂಬಿದ್ದರು. ಸಿಗದೆ ಉಳಿದ ರಾಶಿಯಿಂದ ಮಾದರಿಗಳನ್ನು ತೆಗೆದು ಪರೀಕ್ಷಿಸಿದಾಗ ತಿಳಿದದ್ದು, ಸಿಕ್ಕಿದ್ದು ಸರಾಸರಿ ನೂರಕ್ಕೆ 20 ಮಾತ್ರ. ಅಪಘಾತದ ಬಗೆಗೆ ಬರೆದವರೆಲ್ಲರೂ ಅದನ್ನು ಅಪಘಾತವೆಂದು ಕರೆದಿರಲಿಲ್ಲ. ಕೆಲವರಿಗೆ ಅದು ಘಟನೆ, ಕೆಲವರಿಗೆ ಪರಿಸ್ಥಿತಿ, ಕೆಲವರಿಗೆ ಒಂದು ತೊಡಕು. ವಕೀಲರಿಗೆ ದೊರೆತ ದಾಖಲೆಗಳಲ್ಲಿ ಬಹುಪಾಲು ಪ್ರಸ್ತುತವಾಗಿಯೇ ಇದ್ದವು, ಅವರ ತೃಪ್ತಿಗೆ ಅದೇ ಕಾರಣ. ಕೈಯಲ್ಲಿರುವುದು ಸರಿಯಾಗಿದ್ದರೆ ಕೈತಪ್ಪಿದ್ದರ ನೆನಪು ಬರುವುದಿಲ್ಲ.

ಈಗ ಶ್ರವಣಬೆಳಗೊಳಕ್ಕೆ ಮರಳಬಹುದು. ವ್ರತದಿಂದ ದೇಹತ್ಯಾಗ ಮಾಡಿದವರ ಶಾಸನಗಳೆಷ್ಟು ಎಂದು ತಿಳಿಯಬಯಸುವ ವಿದ್ಯಾರ್ಥಿ ‘ಸಲ್ಲೇಖನ’ ಎಂದು ಹುಡುಕುತ್ತಾನೆ. ಚಂದ್ರಗಿರಿಯ ಪ್ರಾಚೀನ ಶಾಸನಗಳಲ್ಲಿ ಅನೇಕವು ‘ನೋನ್ತು’, ‘ಮುಡಿಪಿ’ ಎಂಬಂತಹ ಅಚ್ಚಗನ್ನಡದ ಕ್ರಿಯಾಪದಗಳಲ್ಲಿ ಮಾತನಾಡುತ್ತವೆ. ಬೇರೆ ಶಾಸನಗಳಲ್ಲಿ ‘ಸನ್ಯಸನ’, ‘ಸಮಾಧಿ’, ‘ಆರಾಧನೆ’ ಎಂಬ ಪದಗಳಿವೆ. ಸ್ಮಾರಕದ ಹೆಸರನ್ನು ಹಿಡಿದು ಹೋದರೆ ‘ನಿಸಿದಿ’, ‘ನಿಸಿದಿಗೆ’, ‘ನಿಷಿಧಿ’ ಮೊದಲಾದ ರೂಪಗಳಿವೆ. ಒಂದೇ ಪದವನ್ನು ಕೊಟ್ಟು ಪಡೆದ ಸಂಖ್ಯೆ ಎಷ್ಟೇ ನಿಖರವಾಗಿದ್ದರೂ ಅದು ಆ ಪದದ ಸಂಖ್ಯೆಯೇ ಹೊರತು ಆಚರಣೆಯ ಸಂಖ್ಯೆಯಲ್ಲ. ಅದನ್ನು ಆಚರಣೆಯ ಸಂಖ್ಯೆಯೆಂದು ತಿಳಿದು, ಏಳನೆಯ ಶತಮಾನಕ್ಕಿಂತ ಹನ್ನೆರಡನೆಯ ಶತಮಾನದಲ್ಲಿ ಅದು ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ಬರೆದರೆ, ಪದಗಳ ಚರಿತ್ರೆಯನ್ನು ಜನರ ಚರಿತ್ರೆಯೆಂದು ತಪ್ಪಾಗಿ ಗ್ರಹಿಸಿದಂತಾಗುತ್ತದೆ. ಕಲ್ಲಿನಲ್ಲಿ ಹೆಸರು ಉಳಿಸಿಹೋದ ಮುನಿಗಳೂ ಕಂತಿಯರೂ ಶೋಧದ ಬಲೆಯ ಕಣ್ಣುಗಳಿಂದ ಜಾರಿಹೋಗುತ್ತಾರೆ. ಇಲ್ಲಿ ಪಣವಾಗಿರುವುದು ಒಂದು ಅಂಕಿಯಷ್ಟೇ ಆಗಿರುವುದಿಲ್ಲ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಸೊನ್ನೆ. ಯಾವ ದಾಖಲೆಯೂ ದೊರೆಯಲಿಲ್ಲ ಎಂದು ಯಂತ್ರ ಹೇಳಿದಾಗ ಆ ಪದ ಅಥವಾ ಆ ವಿಷಯ ಹಳೆಯ ಸಾಹಿತ್ಯದಲ್ಲಿಯೇ ಇಲ್ಲವೆಂದು ಬರೆಯುವ ಮೋಹ ಹುಟ್ಟುತ್ತದೆ. ಕನ್ನಡ ಸಾಹಿತ್ಯದ ಚರಿತ್ರೆ ಇಂತಹ ಸೊನ್ನೆಗಳನ್ನು ಮತ್ತೆ ಮತ್ತೆ ಹುಸಿಮಾಡಿದೆ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಹಲ್ಮಿಡಿ ಶಾಸನವನ್ನು ಬೆಳಕಿಗೆ ತರುವ ಮುನ್ನ ಐದನೆಯ ಶತಮಾನದ ಕನ್ನಡ ಶಾಸನಗಳೆಷ್ಟು ಎಂದು ಕೇಳಿದ್ದರೆ ವಿದ್ವಾಂಸರು ಕೊಡಬಹುದಾಗಿದ್ದ ಉತ್ತರವೇನು? ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿದ ವಡ್ಡಾರಾಧನೆ 1949ರಲ್ಲಿ ಪುಸ್ತಕರೂಪದಲ್ಲಿ ಬರುವ ಮುನ್ನ ಪ್ರಾಚೀನ ಕನ್ನಡ ಗದ್ಯದ ಚಿತ್ರ ಹೇಗಿತ್ತು? ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನಗಿಂತ ಹಿಂದಿನ ಗದ್ಯಪದ್ಯಕಾರರನ್ನು ಹೆಸರಿಸುತ್ತದೆ. ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಕನ್ನಡ ಕೃತಿಗಳು ಯಾವ ಸಂಗ್ರಹದಲ್ಲಿಯೂ ಇಲ್ಲ. ಹೀಗಿರುವಾಗ ಸಂಗ್ರಹದಲ್ಲಿ ಇಲ್ಲ ಎಂಬ ವಾಕ್ಯಕ್ಕೂ ಸಾಹಿತ್ಯದಲ್ಲಿ ಇರಲಿಲ್ಲ ಎಂಬ ವಾಕ್ಯಕ್ಕೂ ನಡುವೆ ಇರುವ ಅಂತರವನ್ನು ಶೋಧಯಂತ್ರ ತುಂಬಿಕೊಡಲಾರದು.

ಇದಕ್ಕೆ ಒಂದು ಆಕ್ಷೇಪ ಸಹಜವಾಗಿಯೇ ಬರುತ್ತದೆ. ಕೈಯಿಂದ ಮಾಡಿದ ಪದಸೂಚಿಗಳಲ್ಲಿ ತಪ್ಪುಗಳಿರಲಿಲ್ಲವೆ? ಇದ್ದವು. ದಣಿದ ಕಣ್ಣು ಒಂದು ಸಾಲನ್ನು ಬಿಟ್ಟಿತು, ಚೀಟಿಯೊಂದು ಕಳೆದುಹೋಯಿತು. ಆದರೆ ಮುದ್ರಿತ ಪದಸೂಚಿ ತಾನು ಯಾವ ಸಂಪಾದಕರ ಯಾವ ಆವೃತ್ತಿಯನ್ನು ಆಧರಿಸಿದೆ ಎಂಬುದನ್ನು ಮೊದಲ ಪುಟದಲ್ಲಿಯೇ ಹೇಳುತ್ತದೆ, ಪ್ರತಿಯೊಂದು ಪ್ರಯೋಗಕ್ಕೂ ಆಶ್ವಾಸ ಮತ್ತು ಪದ್ಯಸಂಖ್ಯೆಯನ್ನು ಕೊಡುತ್ತದೆ. ಅದರ ತಪ್ಪನ್ನು ಇನ್ನೊಬ್ಬರು ಹಿಡಿಯಬಹುದು. ಶೋಧಯಂತ್ರದ ಮೊತ್ತವನ್ನು ಮರುದಿನ ಅದೇ ಯಂತ್ರಕ್ಕೆ ಕೇಳಿದರೂ ಬೇರೆ ಬರಬಹುದು. ಬೇರೆ ಬಂದಾಗ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ತಿಳಿಯುವ ದಾರಿಯಿಲ್ಲ. ತಪ್ಪಿಲ್ಲದಿರುವಿಕೆಗಿಂತ ತಪ್ಪನ್ನು ಪತ್ತೆಹಚ್ಚಲು ಅವಕಾಶವಿರುವುದು ವಿದ್ವತ್ತಿನ ದೃಷ್ಟಿಯಿಂದ ಹೆಚ್ಚು ಮೂಲಭೂತವಾದ ಗುಣ.

ಶೋಧಯಂತ್ರವನ್ನು ದೂರವಿಡಬೇಕು ಎಂಬುದು ಇದರ ತಾತ್ಪರ್ಯವಲ್ಲ. ಒಂದು ಅಪರೂಪದ ಪದ ಯಾವ ಯಾವ ಕೃತಿಗಳಲ್ಲಿ ಬಂದಿರಬಹುದೆಂಬ ಸುಳಿವನ್ನು ಅದು ಕ್ಷಣದಲ್ಲಿ ಕೊಡುತ್ತದೆ. ಹಿಂದಿನವರಿಗೆ ಇದಕ್ಕೆ ತಿಂಗಳುಗಳು ಬೇಕಾಗಿದ್ದವು. ಸುಳಿವು ಸಿಕ್ಕಿದ ಮೇಲೆ ಮಾಡಬೇಕಾದ ಕೆಲಸವಿದೆ. ಫಲಿತಾಂಶಗಳು ಕೆಲವು ನೂರರೊಳಗೆ ಇದ್ದರೆ ಎಲ್ಲವನ್ನೂ ತೆರೆದು ಓದಿ, ಸಲ್ಲದವನ್ನು ತೆಗೆದುಹಾಕಿ, ಉಳಿದವುಗಳ ಪಟ್ಟಿಯನ್ನು ಅನುಬಂಧದಲ್ಲಿ ಕೊಡುವುದು ಕಷ್ಟವೇನೂ ಅಲ್ಲ. ಸಾವಿರಗಳಲ್ಲಿದ್ದರೆ ಯಾದೃಚ್ಛಿಕವಾಗಿ ನೂರನ್ನು ಆರಿಸಿ ಅವುಗಳಲ್ಲಿ ಎಷ್ಟು ನಿಜವಾಗಿ ಪ್ರಸ್ತುತವೆಂದು ನೋಡಿ ಆ ಪ್ರಮಾಣವನ್ನು ಹೇಳಬಹುದು. ಕೈತಪ್ಪಿದವುಗಳ ಅಂದಾಜಿಗೆ ಬ್ಲೇರ್ ಮತ್ತು ಮ್ಯಾರನ್ ತೋರಿದ ದಾರಿಯನ್ನೇ ಹಿಡಿಯಬಹುದು. ಪೂರ್ಣವಾದ ಪದಸೂಚಿಯಿರುವ ಒಂದು ಕಾವ್ಯವನ್ನು ತೆಗೆದುಕೊಂಡು, ಅದರಲ್ಲಿ ಇವೆಯೆಂದು ಗೊತ್ತಿರುವ ಪ್ರಯೋಗಗಳಲ್ಲಿ ಯಂತ್ರ ಎಷ್ಟನ್ನು ಹಿಡಿಯಿತು ಎಂದು ಪರೀಕ್ಷಿಸಬಹುದು. ಇಂತಹ ಒಂದು ದಿನದ ಪರೀಕ್ಷೆ ಯಂತ್ರದ ಮೇಲಿನ ಕುರುಡು ನಂಬಿಕೆಯನ್ನೂ ಕುರುಡು ಅಪನಂಬಿಕೆಯನ್ನೂ ಒಟ್ಟಿಗೆ ಕಳೆಯುತ್ತದೆ.

ಪ್ರಬಂಧದಲ್ಲಿ ಸಂಖ್ಯೆಯನ್ನು ಬರೆಯುವಾಗ ಅದರ ಜೊತೆಗೆ ಐದು ಸಂಗತಿಗಳು ಇರಲೇಬೇಕು: ಯಾವ ಸಂಗ್ರಹ, ಯಾವ ದಿನಾಂಕದಂದು, ಯಾವ ರೂಪಗಳನ್ನು ಕೊಟ್ಟು ಹುಡುಕಿದ್ದು, ಎಣಿಸಿದ ಘಟಕ ಕೃತಿಯೋ, ಆಶ್ವಾಸವೋ, ಪದ್ಯವೋ, ಸಂಖ್ಯೆ ನಿಖರವೋ, ಕೆಳಮಿತಿಯೋ, ಅಂದಾಜೋ. ಇವೆಲ್ಲವನ್ನೂ ಒಂದು ಅಡಿಟಿಪ್ಪಣಿಯಲ್ಲಿ ಹೇಳಿ ಮುಗಿಸಬಹುದು. ಮಾರ್ಗದರ್ಶಕರು ಇದನ್ನು ಕೇಳಿ ಪಡೆಯಬೇಕು, ಮೌಲ್ಯಮಾಪಕರು ಇದಿಲ್ಲದ ಸಂಖ್ಯೆಯನ್ನು ಪ್ರಶ್ನಿಸಬೇಕು. ಹಸ್ತಪ್ರತಿಯ ಹೆಸರು ಹೇಳದೆ ಪಾಠಾಂತರ ಕೊಟ್ಟವರನ್ನು ಪ್ರಶ್ನಿಸುವ ಪರಂಪರೆಗೆ ಇದು ಹೊರೆಯಾಗಬಾರದು. ಪಠ್ಯಗಳನ್ನು ಅಂತರ್ಜಾಲಕ್ಕೆ ಏರಿಸುವ ಸಂಸ್ಥೆಗಳ ಹೊಣೆಯೂ ಇದರಲ್ಲಿದೆ. ಸಂಗ್ರಹದಲ್ಲಿ ಯಾವ ಯಾವ ಕೃತಿಗಳು ಯಾವ ಆವೃತ್ತಿಯಿಂದ ಸೇರಿವೆ, ಎಂದು ಸೇರಿದವು ಎಂಬ ಪಟ್ಟಿಯನ್ನು ಪ್ರಕಟಿಸದ ಸಂಗ್ರಹದಿಂದ ತೆಗೆದ ಯಾವ ಎಣಿಕೆಗೂ ಬುಡವಿಲ್ಲ.

ರೈಸ್ ಅವರ 144ನ್ನು ನರಸಿಂಹಾಚಾರ್ಯರ 500 ಹಿಂದಿಕ್ಕಿತು, ಅದನ್ನು 573 ಹಿಂದಿಕ್ಕಿತು. ರೈಸ್ ಅವರ ಕೆಲಸಕ್ಕೆ ಇದರಿಂದ ಕುಂದಾಗಲಿಲ್ಲ. ಯಾವ ಕಲ್ಲನ್ನು ನೋಡಿದೆ, ಏನನ್ನು ಓದಿದೆ ಎಂಬುದನ್ನು ಒಂದೊಂದಾಗಿ ಬರೆದಿಟ್ಟು ಹೋದುದರಿಂದಲೇ ಮುಂದಿನವರು ಅಲ್ಲಿಂದ ಮುಂದುವರಿಯಲು ಸಾಧ್ಯವಾಯಿತು. ಇಂದಿನ ವಿದ್ಯಾರ್ಥಿ ಶೋಧಯಂತ್ರದಿಂದ ಪಡೆದ ಸಂಖ್ಯೆಯನ್ನೂ ನಾಳಿನ ಸಂಗ್ರಹಗಳು ಖಂಡಿತವಾಗಿ ಬದಲಿಸುತ್ತವೆ. ಅಂದು ಅವನ ಪ್ರಬಂಧವನ್ನು ತೆರೆದವರಿಗೆ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸದ ಕಾರಣ ತಿಳಿಯುವಂತಿದ್ದರೆ ಅವನ ಎಣಿಕೆ ಹಳೆಯದಾದರೂ ವ್ಯರ್ಥವಾಗುವುದಿಲ್ಲ.